ಬೆಲ್ಲ ತಿಂದ ಕ್ವಾಲಿಸ್

ಲೋಕದ ಹೆಂಗಸರೆಲ್ಲ ಗಂಡನ ಗಾಡಿ ಕೆಡದಿರಲಿ ಎಂದು ದುವಾ ಮಾಡುತ್ತಾರೆ. ನಾನೊಬ್ಬಳು ನಮಾಜು ಮುಗಿಸಿ ಕೈಯೆತ್ತಿ, "ಯಾ ಅಲ್ಲಾಹ್, ಇವರ ಗಾಡಿ ಒಮ್ಮೆಯಾದರೂ ಕೆಟ್ಟು ನಿಲ್ಲಲಿ" ಎಂದು ಬೇಡಿಕೊಂಡವಳು. ಅದೂ ಒಂದೆರಡು ದಿನವಲ್ಲ. ಏನು ಮಾಡುವುದು, ನನ್ನ ದುವಾಕ್ಕಿಂತ ಆ ಜಪಾನಿನವರ ಕೆಲಸ ಗಟ್ಟಿಯಾಗಿತ್ತು.

ನಾನು ಮೈಮುನಾ, ಊರು ಕುಡಚಿ. 'ಇವರು' ಎಂದರೆ ನನ್ನ ಗಂಡ ಜಾಫರಸಾಬ. ಗಾಡಿ ಎಂದರೆ ಬಿಳಿ ಬಣ್ಣದ ಟೊಯೊಟಾ ಕ್ವಾಲಿಸ್. ನನ್ನ ಮಗ ತೌಹೀದ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಾಗ ಬಂದದ್ದು. ಈಗ ಅವನ ಮಗಳು ಶಾಲೆಗೆ ಹೋಗುತ್ತಾಳೆ, ಗಾಡಿ ಹಾಗೆಯೇ ಇದೆ. ಮನೆಯಲ್ಲಿ ನಾವು ಆಡುವುದು ಉರ್ದು, ಆದರೆ ಜಗಳ ಮಾತ್ರ ಕನ್ನಡದಲ್ಲಿ. ಬೈಯುವುದಕ್ಕೆ ಕನ್ನಡದಷ್ಟು ರುಚಿ ಬೇರೆ ಯಾವ ಮಾತಿಗೂ ಇಲ್ಲ. ಹಾಗಾಗಿ ಇತ್ತೀಚಿನ ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಉರ್ದು ಕಡಿಮೆಯಾಗಿದೆ.

ಆ ಗಾಡಿಯಲ್ಲಿ ಇವರು ಮಿರಜದ ದವಾಖಾನೆಗೆ ಸಾಗಿಸಿದ ಬಸುರಿಯರು ಎಷ್ಟೋ, ಅಥಣಿ ಚಿಕ್ಕೋಡಿ ಕಡೆ ಒಯ್ದ ಮದುವೆ ದಿಬ್ಬಣಗಳು ಎಷ್ಟೋ. ಬಾಡಿಗೆ ಹೊಡೆಯುವುದು ಬಿಟ್ಟು ಕಾಲವಾಯಿತು. ತೌಹೀದ ರಾಯಬಾಗದಲ್ಲಿ ನೌಕರಿಗೆ ಸೇರಿದ, ಸೊಸೆ ಫರಹೀನ ಇಲ್ಲೇ ಪೇಟೆಯ ಮೆಡಿಕಲ್ ಅಂಗಡಿಯಲ್ಲಿ ಕೂಡುತ್ತಾಳೆ. ಕೂತು ಉಣ್ಣಬಹುದು. ಆದರೆ ಇವರಿಗೆ ಕೂಡಲು ಒಂದೇ ಜಾಗ ಗೊತ್ತು, ಸ್ಟೇರಿಂಗಿನ ಹಿಂದೆ.

ಗಾಡಿ ಕೊಳ್ಳುತ್ತೇವೆ ಎಂದು ಬರುವವರಿಗೆ ಕೊರತೆ ಇರಲಿಲ್ಲ. ಇಷ್ಟು ಹಳೆಯದಾದರೂ ಇಂಜಿನ್ ಮೇಲಿನ ಆಸೆಗೆ ಬರುತ್ತಿದ್ದರು. ಬಂದವರನ್ನು ಇವರು ಕೂಡಿಸಿ, ಚಹಾ ಕುಡಿಸಿ, ಕಂಪನಿಯ ಚರಿತ್ರೆ ಹೇಳಿ, ಗಾಡಿ ಕೊಡದೆ ಕಳಿಸುತ್ತಿದ್ದರು. ಹೋದ ವರ್ಷ ನಿಪ್ಪಾಣಿಯಿಂದ ಸಂಭಾಜಿ ಎನ್ನುವವರು ಬಂದಾಗಲೂ ಅದೇ ಆಯಿತು. ಪಾಪ, ಆ ಮನುಷ್ಯ ಬಾನೆಟ್ ಎತ್ತಿ ನೋಡುವ ಅವಸರದಲ್ಲಿದ್ದರು. ಇವರು ಬಿಟ್ಟರೆ ತಾನೆ?

"ಸಂಭಾಜಿರಾವ, ಗಾಡಿ ಆಮ್ಯಾಲ ನೋಡ್ರೆಂತ. ಅದರ ಹುಟ್ಟ ಗೊತ್ತೈತೇನ್ರಿ ನಿಮಗ? ಜಪಾನದಾಗ ಒಬ್ಬ ಬಡಿಗ್ಯಾನ ಮಗ ಇದ್ದ. ಅವರ ಅವ್ವ ಮನ್ಯಾಗ ಮಗ್ಗದ ಮುಂದ ಕುಂತ ನೇಯತಿದ್ಲು. ಅಕಿ ತ್ರಾಸ ನೋಡಲಾರದ ಆ ಮಗ ಹೊಸಾ ಮಗ್ಗ ಮಾಡಾಕ ಹತ್ತಿದ. ಕಡೀಕ ಎಂಥಾ ಮಗ್ಗ ಮಾಡಿದ ಅಂದ್ರ, ಒಂದ ಎಳಿ ನೂಲ ಹರೀತಂದ್ರ ಸಾಕು, ಮಗ್ಗ ತಾನ ನಿಂತಬಿಡ್ತಿತ್ತು!"

ಇಲ್ಲಿಗೆ ಬಂದಾಗ ಇವರ ದನಿ ಯಾವಾಗಲೂ ನಡುಗುತ್ತದೆ. ಯಾಕೆಂದರೆ ಇವರು ಮೀಸೆ ಬರುವ ಮುಂಚೆ ಇಚಲಕರಂಜಿಯಲ್ಲಿ ಪವರ್‌ಲೂಮ್ ನಡೆಸಿದವರು. ಅಲ್ಲಿನ ಹಳೆಯ ಮಗ್ಗಗಳಿಗೆ ನೂಲು ಹರಿದದ್ದು ಗೊತ್ತಾಗುತ್ತಿರಲಿಲ್ಲವಂತೆ. ಖಟಾಖಟ್ ಓಡುತ್ತಲೇ ಇರುವುದು, ಬಟ್ಟೆ ಕೆಡುವುದು, ಮಾಲಕ ಬಂದು ಇವರ ಬೆನ್ನಿಗೆ ಬಿಗಿಯುವುದು. ನೂಲಿನ ಮೇಲಿನ ಕಣ್ಣು ತೆಗೆಯುವ ಹಾಗಿರಲಿಲ್ಲ.

"ಆಮ್ಯಾಲ ಆ ಮಗ್ಗದ ಹಕ್ಕ ಇಂಗ್ಲಂಡದವರಿಗೆ ಮಾರಿದ್ರು. ಅವನ ಮಗ ಮೋಟಾರ ಮಾಡಾಕ ಸುರು ಮಾಡಿದ. ಹಿಂಗ ಮಗ್ಗದ ಹೊಟ್ಟಿಲೆ ಹುಟ್ಟಿದ ಕಂಪನಿ ಇದು. ಇಲ್ಲಿ ಬಂದ ಯಾರ ಜೋಡಿ ಕೂಡಿದ್ರು? ಕಿರ್ಲೋಸ್ಕರ ಜೋಡಿ! ಬೆಳಗಾಂವದಾಗ ಸೈಕಲ್ ಅಂಗಡಿ ಇಟ್ಟಿದ್ದ ಮನಿತಾನ. ಅಂದ್ರ ಇದು ಅರ್ಧ ನಮ್ಮ ಗಾಡಿನ ಆತಲ್ರಿ?"

"ಜಾಫರಭಾಯಿ, ಅರ್ಧಾ ನಿಮ್ಮದು ಇರಲಿ, ಪೂರಾ ನನಗ ಕೊಡ್ತೀರೇನು?" ಎಂದರು ಸಂಭಾಜಿ.

"ಇಲ್ರಿ."

ಆ ಮನುಷ್ಯ ಚಹಾದ ಬಶಿ ಕೆಳಗಿಟ್ಟು ನನ್ನ ಮುಖ ನೋಡಿದರು. ನಾನು ಹಣೆ ಚಚ್ಚಿಕೊಂಡೆ. ಕಂಪನಿ ಈ ಮಾಡೆಲ್ ನಿಲ್ಲಿಸಿ ಇನ್ನೋವಾ ತಂದಾಗ ಊಟ ಬಿಟ್ಟು ಮಲಗಿದ ಮನುಷ್ಯನಿಗೆ ಏನು ಹೇಳುವುದು? ನನ್ನ ಅಪ್ಪ ತೀರಿಕೊಂಡಾಗ ಇವರು ಹೊಟ್ಟೆ ತುಂಬ ಉಂಡಿದ್ದರು. ನಾನು ಮರೆತಿಲ್ಲ.

ಪೇಟೆಯ ಚಹಾದಂಗಡಿಯಲ್ಲಂತೂ ಗಾಡಿಗಳದ್ದೇ ಪಂಚಾಯಿತಿ. ಕಾಗವಾಡದ ನಾಮದೇವ ಎಂದು ಇವರ ಹಳೆಯ ಗೆಳೆಯ, ದ್ರಾಕ್ಷಿ ತೋಟದವನು, ಇನ್ನೋವಾ ಇಟ್ಟಿದ್ದಾನೆ. "ಕ್ವಾಲಿಸ್ ಅಂದ್ರ ಎತ್ತ, ಇನ್ನೋವಾ ಅಂದ್ರ ಕುದರಿ" ಎಂದು ಅವನು. "ಕುದರಿ ಹೊಲಕ್ಕ ಬರ್ತೈತೇನಲೇ?" ಎಂದು ಇವರು. ಒಬ್ಬ, ನೋಡಲು ಬೇಕರಿಯ ಪಾವು-ಬ್ರೆಡ್ಡಿನ ಡಬ್ಬಿಯಂತಿದೆ ಎನ್ನುತ್ತಾನೆ; ಇನ್ನೊಬ್ಬ, ಡಬ್ಬಿ ನೋಡಿ ಯಾರಾದರೂ ಪಾವು ತಿನ್ನುತ್ತಾರೇನು, ಇಂಜಿನ್ ಏಕ್ ನಂಬರ್ ಎನ್ನುತ್ತಾನೆ. ಗಡಿ ದಾಟಿ ಬಂದವರು ಅದನ್ನೇ ಮರಾಠಿಯಲ್ಲಿ ಹೇಳುತ್ತಾರೆ. ಹಿಂದಿನ ಅಡ್ಡ ಸೀಟಿನಲ್ಲಿ ಮೊಣಕಾಲು ಮಡಚಿ, ಸೆರಗು ಬಾಯಿಗೆ ಹಿಡಿದು, ಅಥಣಿಯವರೆಗೆ ಹೋದ ಹೆಂಗಸರನ್ನು ಮಾತ್ರ ಈ ಗಾಡಿ ಹೇಗಿದೆ ಎಂದು ಯಾರೂ ಕೇಳಿಲ್ಲ. ಕೇಳಿದ್ದರೆ ನಾನು ಹೇಳುತ್ತಿದ್ದೆ.

ಅದೇ ಚಹಾದಂಗಡಿಯಲ್ಲಿ ಇವರು ಆ ಹಾಳು ಶಪಥ ಮಾಡಿದ್ದು. ತೌಹೀದ ಅಪ್ಪನನ್ನು ಕರೆಯಲು ಹೋದವನು ಎಲ್ಲರೆದುರು, "ಅಬ್ಬಾ, ವಯಸ್ಸಾತು, ಇನ್ನರ ಗಾಡಿ ಬಿಡ್ರಿ" ಎಂದನಂತೆ. ಇವರಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಎದ್ದು ನಿಂತು ಹೇಳಿದರು:

"ಕೇಳ್ರಿ ಎಲ್ಲಾರೂ. ಈ ಗಾಡಿ ರಸ್ತಾದಾಗ ನಟ್ಟನಡಕ ಒಮ್ಮಿ ನಿಂತ್ರ, ಅವತ್ತ ನಾ ಸ್ಟೇರಿಂಗ್ ಬಿಡ್ತೀನಿ. ಅಲ್ಲೀತನಾ ಯಾರ ಬಾಯಾಗೂ ಈ ಮಾತ ಬರಬಾರದು."

ನಾಮದೇವ ನಕ್ಕನಂತೆ. "ಹಂಗಾದ್ರ ಜಾಫರಭಾಯಿ, ನೀ ಖಬರಸ್ತಾನಕ್ಕೂ ನೀನ ಹೊಡ್ಕೊಂಡ ಹೋಗ್ತಿ ಬಿಡ."

ಅಂಗಡಿಯೆಲ್ಲ ನಕ್ಕಿತು. ಮನೆಗೆ ಬಂದು ತೌಹೀದ ಹೇಳಿದಾಗ ನನಗೆ ನಗು ಬರಲಿಲ್ಲ. ಇವರಿಗೆ ವಯಸ್ಸಾಗಿತ್ತು, ಗಾಡಿಗೆ ಆಗಿರಲಿಲ್ಲ. ಎರಡರಲ್ಲಿ ಮೊದಲು ನಿಲ್ಲುವುದು ಯಾವುದು ಎಂದು ಯೋಚಿಸಿದರೆ ಎದೆ ಝಲ್ಲೆನ್ನುತ್ತಿತ್ತು. ಬೇರೆಯವರ ಗಾಡಿಗಳು ಎಷ್ಟು ಚೆಂದ ಕೆಡುತ್ತಿದ್ದವು! ಎದುರು ಮನೆಯವರದು ತಿಂಗಳಿಗೊಮ್ಮೆ ಹಗ್ಗ ಕಟ್ಟಿಸಿಕೊಂಡು ಬರುತ್ತಿತ್ತು. ನಮ್ಮದಕ್ಕೆ ಒಂದು ಕೆಮ್ಮೂ ಇಲ್ಲ.

ಅದೇ ಹೊತ್ತಿನಲ್ಲಿ ಇನ್ನೊಂದು ವಿಚಿತ್ರ ಶುರುವಾಯಿತು. ಮದುವೆಯಾದಾಗಿನಿಂದ ಎಲ್ಲಿಗಾದರೂ ಕರೆದೊಯ್ಯಿರಿ ಎಂದರೆ, "ನೀ ಬಂದ ಏನ ಮಾಡ್ತಿ?" ಎನ್ನುತ್ತಿದ್ದ ಮನುಷ್ಯ, ಈಗ ಡೀಸೆಲ್ ಹಾಕಿಸಲು ಹೋಗುವಾಗಲೂ "ನಡಿ ಮೈಮುನಾ, ನೀನೂ ಬಾ" ಎನ್ನತೊಡಗಿದರು. ನಾನು ಬರುವುದಿಲ್ಲ ಎಂದರೆ ಇವರೂ ಹೋಗುತ್ತಿರಲಿಲ್ಲ, ಕಟ್ಟೆಯ ಮೇಲೆ ಮುಖ ಊದಿಸಿ ಕೂಡುತ್ತಿದ್ದರು. ಅದೂ ಹಿಂದಿನ ಸೀಟಲ್ಲ, ಮುಂದೆ, ಪಕ್ಕದಲ್ಲೇ ಕೂಡಬೇಕು. ಓಣಿಯ ಹೆಂಗಸರು ಚಾಷ್ಟಿ ಮಾಡಿದರು. "ಮೈಮುನಾಬಿ, ಮುದುಕಗ ಈಗ ಹರೇ ಬಂದೈತಿ" ಎಂದರು. "ಹೋಗ್ರೇ" ಎಂದೆ ನಾನು. ಆದರೂ ಸುಳ್ಳು ಯಾಕೆ ಹೇಳಲಿ, ಒಳಗೊಳಗೆ ಹಿಗ್ಗಿದೆ. ಹೊಸ ಬಳೆ ಹಾಕಿಕೊಂಡೆ. ತಡವಾಗಿಯಾದರೂ ಹೆಂಡತಿ ಎಂಬುವಳೊಬ್ಬಳು ಇದ್ದಾಳೆ ಎಂದು ಇವರಿಗೆ ಕಾಣಿಸಿತಲ್ಲ ಎಂದುಕೊಂಡೆ.

ಪಕ್ಕದಲ್ಲಿ ಕೂತರೆ ನನ್ನ ಬಾಯಿ ಸುಮ್ಮನಿರುತ್ತದೆಯೇ? ಕಬ್ಬಿನ ಸುಗ್ಗಿಯಲ್ಲಿ ನಮ್ಮ ಕಡೆಯ ರಸ್ತೆ ನೋಡಿದವರಿಗೆ ಗೊತ್ತು. ಒಂದೊಂದು ಟ್ರ್ಯಾಕ್ಟರಿಗೆ ಕಬ್ಬು ಹೇರಿದ ಎರಡೆರಡು ಡಬ್ಬಿ, ಹಿಂದೆ ದೀಪವಿಲ್ಲ, ಮುಂದೆ ಮಾತ್ರ ಊರಿಗೆಲ್ಲ ಕೇಳುವ ಹಾಡು. ನಾನು ಗೇಟು ದಾಟಿದಾಗಿನಿಂದ ಶುರು ಮಾಡುತ್ತಿದ್ದೆ. "ಎಡಕ್ಕ ಎಮ್ಮಿ ಅದಾವರಿ... ಬಲಗಡೆ ಸಂದ್ಯಾಗಿಂದ ಸೈಕಲ್ಲ ಬಂತು, ತಡೀರಿ... ಡಬ್ಬಿ ಬಂತು, ಡಬ್ಬಿ! ಬಗಲಾಗ ಕಬ್ಬ ಜೋತಬಿದ್ದಾವು, ಹೊಡದೀರಿ!... ಕಣ್ಣ ಎಲ್ಲಿಟ್ಟೀರಿ? ನಾ ಇಲ್ಲಂದ್ರ ಏನ ಗತಿ ನಿಮ್ಮದು?" ಹೀಗೆ ಮಿರಜದವರೆಗೆ. ಬೇರೆ ಯಾವ ಗಂಡಸಾದರೂ ನನ್ನನ್ನು ನಡುದಾರಿಯಲ್ಲಿ ಇಳಿಸಿ ಹೋಗುತ್ತಿದ್ದ. ಇವರು ಒಂದು ಮಾತಾಡಲಿಲ್ಲ. ನಾನು ಬೈದಂತೆಲ್ಲ ಇವರ ಮುಖ ಹಗುರವಾಗುತ್ತಿತ್ತು. ನಾನು ಕೆಮ್ಮಿಗೆಂದು ಒಂದು ಕ್ಷಣ ನಿಂತರೆ, "ಹ್ಞಾಂ, ಆಮ್ಯಾಲ?" ಎನ್ನುತ್ತಿದ್ದರು.

ಆದರೂ ಗಾಡಿಯ ಎರಡೂ ಕಿವಿಗನ್ನಡಿ ಹೋದವು. ಗೇಟಿನ ಕಂಬಕ್ಕೆ ಒಂದು ಉಜ್ಜಿದ್ದು, ಚಹಾದಂಗಡಿಯ ಬೆಂಚಿಗೆ ಇನ್ನೊಂದು. ಮನೆಯಲ್ಲಿ ಒಣಗಲು ಹರವಿದ ಶಾವಿಗೆಯ ಮೇಲೆ ಕಾಲಿಟ್ಟರು. ಹೊರಸಿಗೆ ಮೊಣಕಾಲು ಬಡಿದುಕೊಂಡರು. ಲಕ್ಷ್ಯವೆಲ್ಲ ಗಾಡಿಯ ಮೇಲೆ, ಮನೆಯ ಮೇಲೆ ಎಲ್ಲಿದೆ ಎಂದು ನಾನು ಕೂಗಾಡಿದೆ. ಕೋಣನ ಮುಂದೆ ಕಿನ್ನರಿ.

ಸುಗ್ಗಿ ಜೋರಾಗಿದ್ದಾಗ ಒಂದು ದಿನ ಶೇಡಬಾಳದ ಹತ್ತಿರ ನಾನು ಸೀಟಿನ ಕೆಳಗೆ ಬಿದ್ದ ಚಪ್ಪಲಿ ಹುಡುಕಲು ಬಗ್ಗಿದ್ದೆ. ಧಡ್ ಎಂದಿತು. ತಲೆಯೆತ್ತಿ ನೋಡಿದರೆ ಶಾಲೆಯ ಅಂಗಿ ಹಾಕಿದ ಒಬ್ಬ ಹುಡುಗಿ ಸೈಕಲ್ ಸಮೇತ ರಸ್ತೆಯ ಪಕ್ಕದಲ್ಲಿ ಬಿದ್ದಿದ್ದಾಳೆ. ಅವಳ ಹ್ಯಾಂಡಲು ನಮ್ಮ ಬಾಗಿಲಿಗೆ ಗೀರಿತ್ತು. ಓಡಿ ಹೋಗಿ ಎತ್ತಿದೆ. ಅಲ್ಲಾಹನ ದಯೆ, ಮೊಣಕಾಲಷ್ಟೇ ತರಚಿತ್ತು. ಹುಡುಗಿ ಅಳುವುದಕ್ಕಿಂತ ಹೆಚ್ಚಾಗಿ ಬೆದರಿದ್ದಳು. "ಎದುರಿಗೇ ಇದ್ನೆಲ್ರೀ ನಾ, ರಸ್ತಾದ ದಂಡಿಗೆ" ಎಂದಳು. ಅವಳಿಗೆ ನೀರು ಕುಡಿಸಿ, ಮನೆಗೆ ಮುಟ್ಟಿಸಿ, ಅವರವ್ವನ ಕೈಲಿ ಬೈಸಿಕೊಂಡು ಗಾಡಿಗೆ ಬಂದರೆ ಇವರು ನನ್ನ ಮೇಲೆಯೇ ಹರಿಹಾಯ್ದರು.

"ನೀ ಮೊದಲ ಹೇಳಬೇಕಿಲ್ಲೇನ? ಬಾಯಿ ಎಲ್ಲಿಟ್ಟಿದ್ದಿ?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ನನಗೆ ಮೈಯೆಲ್ಲ ಉರಿಯಿತು.

"ಗಾಡಿ ನಾ ಹೊಡ್ಯಾಕತ್ತೇನೋ, ನೀವ ಹೊಡ್ಯಾಕತ್ತೀರೋ?"

ಇವರು ಚಾವಿ ತಿರುಗಿಸಿ ಗಾಡಿ ಚಾಲೂ ಮಾಡಿದರು. ಆ ಹುಡುಗಿಯ ಬಿಳಿ ಕಾಲುಚೀಲದ ಮೇಲೆ ಇಳಿದ ರಕ್ತ ನನ್ನ ಕಣ್ಣ ಮುಂದಿನಿಂದ ಹೋಗಲಿಲ್ಲ. ಇಂದು ಮೊಣಕಾಲು, ನಾಳೆ ಏನು? ಗಾಡಿ ತಾನಾಗಿ ನಿಲ್ಲುವುದಿಲ್ಲ ಎಂದಾದರೆ ನಾನೇ ನಿಲ್ಲಿಸಬೇಕು ಎಂದು ಅವತ್ತೇ ತೀರ್ಮಾನಿಸಿದೆ.

ಟ್ಯಾಂಕಿಗೆ ಸಕ್ಕರೆ ಹಾಕಿದರೆ ಇಂಜಿನ್ ಕಚ್ಚಿಕೊಂಡುಬಿಡುತ್ತದೆ ಎಂದು ಎಲ್ಲೋ ಕೇಳಿದ್ದೆ. ಮನೆಯಲ್ಲಿ ಸಕ್ಕರೆ ಕಡಿಮೆ ಇತ್ತು. ಆದರೆ ನಾವು ಇರುವುದು ಎಲ್ಲಿ? ಸುತ್ತಲೂ ಕಬ್ಬು, ಮನೆಯಲ್ಲಿ ಬೆಲ್ಲದ ಪೆಂಟೆ. ಸಕ್ಕರೆಯ ಅವ್ವ ಬೆಲ್ಲ ತಾನೆ, ಇನ್ನೂ ಚೆನ್ನಾಗಿ ಕಚ್ಚಿಕೊಳ್ಳುತ್ತದೆ ಎಂದುಕೊಂಡೆ. ಇವರು ಜುಮ್ಮಾ ನಮಾಜಿಗೆ ಹೋದಾಗ ಒಳ್ಳೆಯ ಬೆಲ್ಲ ಜಜ್ಜಿ, ಹಾಲು ಸೋಸುವ ಲಾಳಿಕೆ ಇಟ್ಟು, ಬಿಸ್ಮಿಲ್ಲಾ ಎಂದು ಟ್ಯಾಂಕಿಗೆ ಸುರಿದೆ. ಹೋಳಿಗೆಗೆಂದು ತರಿಸಿದ್ದ ಬೆಲ್ಲ.

ಮರುದಿನ ಗಾಡಿ ಅಥಣಿಗೆ ಹೋಗಿ ಬಂತು. ಅದರ ಮರುದಿನ ಸತ್ತಿ ಊರಿಗೆ. ಆಮೇಲೆ ಚಿಕ್ಕೋಡಿಗೆ. ಒಂದು ಕಡೆ ನಿಂತಿದ್ದರೆ ಕೇಳಿ! ನನಗೆ ತಲೆ ಚಿಟ್ಟು ಹಿಡಿಯಿತು. ಕಡೆಗೆ ಫಿಲ್ಟರ್ ಬದಲಿಸುವ ಸಮಯ ಬಂದಾಗ ಸಂಗ್ರಾಮ ಎಂಬ ಮೇಸ್ತ್ರಿ ಟ್ಯಾಂಕು ಇಳಿಸಿ ತೊಳೆದ. ತೊಳೆದವನು ಬೆರಳು ಮೂಸಿ, ನೆಕ್ಕಿ, ಥೂ ಎಂದು ಉಗುಳಿ ಹೇಳಿದ:

"ಚಾಚಾ, ನಿಮ್ಮ ಟ್ಯಾಂಕಿನಾಗ ಯಾರೋ ಬೆಲ್ಲ ಹಾಕ್ಯಾರ್ರಿ. ಡೀಸೆಲ್‌ದಾಗ ಬೆಲ್ಲ ಕರಗಂಗಿಲ್ಲ. ತಳದಾಗ ಸುಮ್ಮ ಕುಂತಬಿಟ್ಟೈತಿ."

ಇವರು ಯಾರ ಮೇಲೂ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಆ ಬೆಲ್ಲದ ಮುದ್ದೆಯನ್ನು ಕಾಗದದಲ್ಲಿ ಸುತ್ತಿ, ಸೀದಾ ಚಹಾದಂಗಡಿಗೆ ಒಯ್ದು ಮೇಜಿನ ಮೇಲಿಟ್ಟರು. "ನೋಡ್ರಲೇ! ಬೆಲ್ಲ ತಿಂದೂ ಓಡ್ತೈತಿ ನನ್ನ ಗಾಡಿ!" ಊರಿಗೆ ಊರೇ ಬಂದು ನೋಡಿತು. ನಾಮದೇವ ಕಾಗವಾಡದಿಂದ ಫೋನು ಮಾಡಿ ಮುಬಾರಕ್ ಹೇಳಿದ, ದ್ರಾಕ್ಷಿ ಕಟಾವಿಗೆ ಬಂದಿದೆ, ಗಾಡಿ ತೆಗೆದುಕೊಂಡು ಭಾಭಿಯನ್ನೂ ಕರೆದುಕೊಂಡು ಊಟಕ್ಕೆ ಬಾ ಎಂದ. ಗಾಡಿ ಹಾಳಾಗಲಿ ಎಂದು ಹಾಕಿದ ಬೆಲ್ಲ ಗಾಡಿಯ ಕೀರ್ತಿ ಹೆಚ್ಚಿಸಿತು. ಅವತ್ತು ನಾನು ಬೇಳೆ ಕುದಿಸಿ ಉಪ್ಪು ಹಾಕುವುದನ್ನೇ ಮರೆತೆ.

ಕಾಗವಾಡಕ್ಕೆ ಹೊರಡುವ ದಿನ ಬೆಳಿಗ್ಗೆ ಸೀಟು ಒರೆಸುತ್ತಿದ್ದೆ. ಸ್ಟೇರಿಂಗಿನ ಹತ್ತಿರದ ಖಾನೆಯಲ್ಲಿ ಹಳೆಯ ಚಿಂದಿಯ ಹಿಂದೆ ಒಂದು ಚಿಕ್ಕ ಬಾಟಲಿ ಸಿಕ್ಕಿತು, ಕಣ್ಣಿಗೆ ಬಿಡುವ ಹನಿಯದು. ಇವರಿಗೆ ಯಾವಾಗಿನಿಂದ ಕಣ್ಣಿನ ಔಷಧ? ಫರಹೀನ ಅಂಗಡಿಗೆ ಹೊರಟು ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ತೋರಿಸಿದೆ. ಅವಳು ಬಾಟಲಿ ತಿರುಗಿಸಿ ನೋಡಿ, ಹಾಕಿದ ಚಪ್ಪಲಿ ಮತ್ತೆ ಬಿಚ್ಚಿದಳು.

"ಅಮ್ಮಿ, ಇದು ಕಾಚಬಿಂದುವಿನ ಹನಿ."

"ಮೋತಿಬಿಂದು ಅಂತಿಯೇನು? ಅದಕ್ಕೇನ, ಮಿರಜದಾಗ ಆಪರೇಶನ್ ಮಾಡ್ತಾರ."

"ಮೋತಿಬಿಂದು ಅಲ್ಲ ಅಮ್ಮಿ. ಮೋತಿಬಿಂದು ಆದ್ರ ಪೊರಿ ತಗದ ಒಗೀತಾರ, ಮತ್ತ ಕಾಣತೈತಿ. ಇದು ಹಂಗಲ್ಲ. ಕಡಿಂದ ಕತ್ತಲಾಕ್ಕೋತ ಬರ್ತೈತಿ. ನಡಕಿನದ ಅಷ್ಟ ಉಳೀತೈತಿ. ಹ್ವಾದದ್ದು ಮತ್ತ ಬರಂಗಿಲ್ಲ, ಇದ್ದದ್ದ ಉಳಿಸ್ಕೊಳ್ಳಾಕ ಈ ಹನಿ."

ನನಗೆ ತಿಳಿಯಲಿಲ್ಲ ಎಂದು ಅವಳು ನನ್ನ ಕೈಯಿಂದ ಒಂದು ಬಳೆ ತೆಗೆದು, ನನ್ನ ಕಣ್ಣ ಮುಂದೆ ಹಿಡಿದು, ಸುತ್ತಲೂ ತನ್ನ ಅಂಗೈಯಿಂದ ಮುಚ್ಚಿದಳು. "ಇದರೊಳಗಿಂದ ನೋಡ್ರಿ" ಎಂದಳು. ಬಾಗಿಲು ಕಂಡಿತು. ಬಾಗಿಲ ಪಕ್ಕದ ಕಟ್ಟೆ ಕಾಣಲಿಲ್ಲ, ಕಟ್ಟೆಯ ಮೇಲೆ ಕೂತ ಇವರು ಕಾಣಲಿಲ್ಲ.

ಆ ಬಳೆಯೊಳಗೆ ನನಗೆ ಎಲ್ಲವೂ ಒಟ್ಟಿಗೆ ಕಂಡುಬಿಟ್ಟಿತು. ಶಾವಿಗೆ, ಹೊರಸು, ಎರಡು ಕಿವಿಗನ್ನಡಿ, ಶೇಡಬಾಳದ ಹುಡುಗಿ. "ನೀ ಮೊದಲ ಹೇಳಬೇಕಿಲ್ಲೇನ?" ಎಂದದ್ದು. "ಹ್ಞಾಂ, ಆಮ್ಯಾಲ?" ಎಂದದ್ದು. "ನಡಿ ಮೈಮುನಾ, ನೀನೂ ಬಾ" ಎಂದದ್ದು. ಇವರಿಗೆ ಬೇಕಾಗಿದ್ದದ್ದು ಹೆಂಡತಿಯಲ್ಲ, ಎರಡು ಕಿವಿಗನ್ನಡಿ. ನಾನು ಅದನ್ನು ಪ್ರೀತಿ ಎಂದುಕೊಂಡು ಹೊಸ ಬಳೆ ಇಟ್ಟುಕೊಂಡೆ! ನಾಚಿಕೆಯಾಯಿತೋ, ದುಃಖವಾಯಿತೋ, ಸಿಟ್ಟು ಮಾತ್ರ ನೆತ್ತಿಗೇರಿತು.

"ಈಗ ಏನೂ ಅನಬ್ಯಾಡ್ರಿ ಅಮ್ಮಿ. ಸಂಜೀಕ ತೌಹೀದ ಬರಲಿ, ಕುಂತ ಮಾತಾಡೂಣು. ಇವತ್ತ ಕಾಗವಾಡಕ್ಕ ಮಾತ್ರ ಹೋಗಬ್ಯಾಡ್ರಿ" ಎಂದು ಹೇಳಿ ಫರಹೀನ ಅಂಗಡಿಗೆ ಹೋದಳು. ಅತ್ತ ಇವರು ಆಗಲೇ ಗಾಡಿ ಚಾಲೂ ಮಾಡಿ ಹಾರ್ನ್ ಒತ್ತುತ್ತಿದ್ದರು. "ಮೈಮುನಾ! ಬರ್ತಿ ಇಲ್ಲೋ?"

ಹೋಗಬಾರದಿತ್ತು. ಹೋಗುವುದಿಲ್ಲ ಎಂದು ಹೇಳಲು ಬಾಯಿ ತೆರೆದರೆ ಅತ್ತುಬಿಡುತ್ತೇನೆ ಎನಿಸಿತು. ಇವರೆದುರು ಅಳುವುದು ನನಗೆ ಬೇಡವಾಗಿತ್ತು. ಹೋಗಿ ಪಕ್ಕದಲ್ಲಿ ಕೂತು ಧಡಾರನೆ ಬಾಗಿಲು ಹಾಕಿದೆ. ಬಾಯಿಯನ್ನೂ ಹಾಕಿಕೊಂಡೆ.

ಓಣಿ ಇವರಿಗೆ ಬಾಯಿಪಾಠ. ಸಾವಕಾಶ ದಾಟಿದರು. ಪೇಟೆಯ ತಿರುವಿನಲ್ಲಿ, "ಬಲಕ್ಕ ಯಾರರ ಅದಾರೇನ?" ಎಂದು ಯಾವುದೋ ಹಾಡು ಗುನುಗುವವರಂತೆ ಕೇಳಿದರು. ನಾನು ಕಿಟಕಿಯ ಹೊರಗೆ ನೋಡಿದೆ. ಯಾರೂ ಇರಲಿಲ್ಲ, ಆದರೆ ನಾನು ಹೇಳಲಿಲ್ಲ. ಇವರು ಬಹಳ ಹೊತ್ತು ನಿಂತು, ಆಮೇಲೆ ಹೊರಳಿಸಿದರು. ಕೃಷ್ಣೆಯ ಸೇತುವೆಯ ಮೇಲೆ ಎರಡೂ ಕಡೆ ಕಟ್ಟೆ, ದಾರಿ ನೆಟ್ಟಗೆ. ಅಲ್ಲಿ ಗಾಡಿ ಸರಿಯಾಗಿಯೇ ಹೋಯಿತು. ಆದರೆ ಸೈಕಲ್ಲಿನವರು ನಮ್ಮನ್ನು ದಾಟಿ ಮುಂದೆ ಹೋಗುತ್ತಿದ್ದರು.

"ಮೈ ಹುಷಾರಿಲ್ಲೇನ?" ಎಂದರು.

ನಾನು ಸುಮ್ಮನಿದ್ದೆ.

"ನಾಮದೇವ ಕೋಳಿ ಕೊಯ್ಸ್ಯಾನಂತ."

ಸುಮ್ಮನಿದ್ದೆ. ಸೇತುವೆ ಇಳಿದೆವು. ಉಗಾರದ ಕಡೆಗೆ ರಸ್ತೆ ಅಗಲವಾಯಿತು. ಎರಡೂ ಬದಿ ಆಳೆತ್ತರದ ಕಬ್ಬು, ನಡುನಡುವೆ ಹೊಲದಿಂದ ಬರುವ ದಾರಿಗಳು. ದೂರದಲ್ಲಿ ಟ್ರ್ಯಾಕ್ಟರಿನ ಹಾಡು ಕೇಳಿಸುತ್ತಿತ್ತು. ಯಾವ ಕಡೆಯಿಂದ ಎಂದು ಇವರು ತಲೆಯನ್ನು ಅತ್ತ ಇತ್ತ ಹೊರಳಿಸುವುದು ನನಗೆ ಕಾಣುತ್ತಿತ್ತು. ಸ್ಟೇರಿಂಗನ್ನು ಎರಡೂ ಕೈಯಿಂದ ಅವಚಿಕೊಂಡಿದ್ದರು. ಹಣೆಯ ಮೇಲೆ ಬೆವರು. ನನಗೂ ಜೀವ ಬಾಯಿಗೆ ಬಂದಿತ್ತು. 'ಬಲಗಡೆ ಹೊಲದಿಂದ ಬರುತ್ತಿದೆ' ಎಂಬ ಮಾತು ನಾಲಿಗೆಯ ತುದಿಯಲ್ಲಿ ನಿಂತಿತ್ತು.

ನಾನು ಹೇಳುವ ಮೊದಲೇ ಗಾಡಿ ನಿಂತಿತು.

ಕೆಡಲಿಲ್ಲ, ಇಂಜಿನ್ ಗುರ್ ಎನ್ನುತ್ತಲೇ ಇತ್ತು. ಇವರ ಕಾಲು ಬ್ರೇಕಿನ ಮೇಲಿತ್ತು, ತಲೆ ಸ್ಟೇರಿಂಗಿನ ಮೇಲೆ. ಟ್ರ್ಯಾಕ್ಟರು ನಮ್ಮ ಮೂಗಿನ ಮುಂದೆ ರಸ್ತೆಗೆ ಹತ್ತಿ ಎರಡೂ ಡಬ್ಬಿ ಎಳೆದುಕೊಂಡು ಹೋಯಿತು. ಹಿಂದೆ ಯಾರೋ ಹಾರ್ನ್ ಬಾರಿಸಿ ಬೈದು ಪಕ್ಕಕ್ಕೆ ಸರಿದರು.

"ಮಾತಾಡ, ಮೈಮುನಾ" ಎಂದರು ಇವರು, ತಲೆಯೆತ್ತದೆ. "ನೀ ಸುಮ್ಮನಾದ್ರ ನನಗ ರಸ್ತಾ ಕಾಣಂಗಿಲ್ಲ."

"ಗೊತ್ತೈತಿ" ಎಂದೆ. ಇಷ್ಟು ಹೊತ್ತು ಹಿಡಿದದ್ದೆಲ್ಲ ಒಡೆಯಿತು. "ಎಲ್ಲಾ ಗೊತ್ತಾಗೇತಿ ನನಗ. ಹನಿ ಸಿಕ್ಕೈತಿ. ನನಗ ಯಾಕ ಹೇಳಲಿಲ್ರಿ? ನಾ ಏನ ಊರಾಗ ಡಂಗುರ ಸಾರತಿದ್ನೇನು? ಪ್ರೀತಿಲೆ ಕರ್ಕೊಂಡ ಹೊಂಟಾರಂತ ಹುಚ್ಚರಗತೆ ಬಳಿ ಇಟ್ಕೊಂಡ ಬಂದ ಕುಂಡ್ರತಿದ್ದೆ! ಆ ಹುಡಗಿ ಸತ್ತಿದ್ರ? ಆಂ? ಸತ್ತಿದ್ರ ಏನ ಮಾಡ್ತಿದ್ರಿ?"

"ಅವತ್ತಿಂದ ನಾನೂ ನಿದ್ದಿ ಮಾಡಿಲ್ಲ" ಎಂದರು. ದನಿ ಬಹಳ ಚಿಕ್ಕದಾಗಿತ್ತು. "ಬಿಡಬೇಕಂತಿದ್ದೆ. ಆದ್ರ ಎಲ್ಲಾರ ಮುಂದ ಅಂದಬಿಟ್ಟಿದ್ನೆಲಾ. ಈ ಹಾಳಾದ್ದು ನಿಲ್ಲವಲ್ದು. ಬೆಲ್ಲ ಹಾಕಿದ್ರೂ ನಿಲ್ಲವಲ್ದು."

ನಾನು ಬೆಚ್ಚಿದೆ. "ಬೆಲ್ಲ ಯಾರ ಹಾಕ್ಯಾರಂತ..."

"ಹೋಳಿಗಿ ಬೆಲ್ಲ ನನಗ ಗೊತ್ತಾಗಂಗಿಲ್ಲೇನ? ನಾನ ತಂದದ್ದ ಅದು. ನೀನ ಹಾಕೀದಿ ಅಂತ ತಿಳದಾಗ, ಇನ್ನಷ್ಟ ಹಾಕಬಾರದಿತ್ತೇನ ಅನ್ನಿಸ್ತು."

ಇಂಥ ಮನುಷ್ಯನ ಜೊತೆ ಬಾಳುವೆ ಮಾಡುವುದು ಹೇಗೆ? ಇಬ್ಬರೂ ಒಂದೇ ಗಾಡಿ ಕೆಡಲಿ ಎಂದು ಕಾಯುತ್ತಿದ್ದೆವು, ಒಬ್ಬರಿಗೊಬ್ಬರು ಹೇಳಿಕೊಳ್ಳದೆ. ನನಗೆ ಅಳುವೂ ಬಂತು, ಎರಡು ಬಿಗಿಯಬೇಕು ಎಂದೂ ಅನಿಸಿತು. ಕೈ ಚಾಚಿ ಚಾವಿ ತಿರುಗಿಸಿದೆ. ಇಂಜಿನ್ ಸದ್ದು ಅಡಗಿತು.

"ಗಾಡಿ ನಿಂತೈತಿ" ಎಂದೆ. "ರಸ್ತಾದಾಗ, ನಟ್ಟನಡಕ."

"ಗಾಡಿ ನಿಂತಿಲ್ಲ. ನಾ ನಿಲ್ಲಿಸೇನಿ."

"ಹೌದಿಲ್ಲೋ? ಊರಿಗೆಲ್ಲಾ ಕೂಡಿಸಿ ಚಾ ಕುಡಿಸಿ ಏನ ಹೇಳ್ತಿದ್ರಿ? ನೂಲ ಹರದ್ರ ಮಗ್ಗ ತಾನ ನಿಲ್ಲತಿತ್ತು ಅಂತ ಹೇಳ್ತಿರಲಿಲ್ಲಾ? ಆ ಮಗ್ಗ ನಿಂತಾಗ 'ಮಗ್ಗ ಸೋತೈತಿ, ಕೆಟ್ಟೈತಿ' ಅಂದ್ರೇನು ಜಪಾನದವರು? ಅದ ಅದರ ಶಾಣ್ಯಾತನ ಅಂದ್ರು. ಇಳೀರಿ ಕೆಳಗ."

ಇವರು ನನ್ನ ಕಡೆಗೆ ಪೂರಾ ಮುಖ ಹೊರಳಿಸಿದರು. ನನ್ನನ್ನು ನೋಡಬೇಕೆಂದರೆ ಈಗ ಹಾಗೆ ಪೂರಾ ಹೊರಳಬೇಕಾಗುತ್ತದೆ ಎಂದು ಅವತ್ತೇ ನನ್ನ ಲಕ್ಷ್ಯಕ್ಕೆ ಬಂದದ್ದು. ಆಮೇಲೆ ಚಾವಿ ಕಿತ್ತು ನನ್ನ ಅಂಗೈಯಲ್ಲಿಟ್ಟರು. ಬಿಸಿಯಾಗಿತ್ತು.

ನಾನು ತೌಹೀದನಿಗೆ ಫೋನು ಮಾಡಿದೆ. ಅವನು ಬರುವವರೆಗೆ ದುಪಟ್ಟಾ ಬೀಸುತ್ತ ಗಾಡಿಯ ಹಿಂದೆ ನಿಂತು ಕಬ್ಬಿನ ಟ್ರ್ಯಾಕ್ಟರುಗಳನ್ನೆಲ್ಲ ಬದಿಗೆ ದಾಟಿಸಿದೆ. ದೀಪವಿಲ್ಲದ ಪ್ರತಿ ಡಬ್ಬಿಯವನಿಗೂ ಬೈದೆ. ಮನಸ್ಸು ಸ್ವಲ್ಪ ಹಗುರವಾಯಿತು.

ತೌಹೀದ ಗೆಳೆಯನ ಬೈಕಿನಲ್ಲಿ ಬಂದಿಳಿದು, ಅಪ್ಪನ ಮುಖ ನೋಡಿ, ಏನೂ ಕೇಳದೆ ಚಾವಿ ಇಸಿದುಕೊಂಡ. "ಹಿಂದ ಕುಂಡ್ರಿ ಅಬ್ಬಾ" ಎಂದ. ಇವರು ಗಾಡಿಗೆ ಕೈ ಸವರುತ್ತ ಹಿಂದಿನ ಬಾಗಿಲಿನ ಹಿಡಿಕೆ ಹುಡುಕಿದರು. ಅಷ್ಟು ವರ್ಷ ಓಡಿಸಿದ ಗಾಡಿ, ಹಿಂದಿನ ಹಿಡಿಕೆ ಎಲ್ಲಿದೆ ಎಂದು ಕೈಗೆ ಗೊತ್ತಿರಲಿಲ್ಲ. ನಾನು ತೆರೆದೆ. ಹತ್ತಿ ಕೂತು ಮೊಣಕಾಲು ಎಲ್ಲಿಡಬೇಕು ಎಂದು ತಿಳಿಯದೆ ಒದ್ದಾಡಿದರು. "ಭಾಳ ಇಕ್ಕಟ್ಟ ಐತೆಲ್ಲ ಇಲ್ಲೆ" ಎಂದರು. ಈಗ ಗೊತ್ತಾಯಿತೇ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ನಾನೂ ಪಕ್ಕದಲ್ಲಿ ಕೂತೆ.

ಗಾಡಿ ಊರಿನ ಕಡೆ ಹೊರಳಿತು. ತೌಹೀದ ಚೆನ್ನಾಗಿಯೇ ಓಡಿಸುತ್ತಿದ್ದ. ಸೇತುವೆ ಹತ್ತುವಾಗ ಇವರು ನನ್ನ ಮೊಣಕೈ ತಿವಿದರು.

"ಸುಮ್ಮ ಯಾಕ ಕುಂತಿ?"

"ಇನ್ನ ನಾ ಯಾಕ ಮಾತಾಡ್ಲಿ? ಗಾಡಿ ತೌಹೀದ ಹೊಡ್ಯಾಕತ್ತಾನ. ಅವನ ಕಣ್ಣ ಚಲೋ ಅದಾವ. ನನ್ನ ಕೆಲಸ ಮುಗೀತು."

"ಅವನ ಕಣ್ಣ ಅವಗ ಅದಾವ" ಎಂದರು. ನನ್ನ ಮುಂಗೈ ಹುಡುಕಿ, ಬಳೆಯ ಮೇಲೆ ಕೈಯಿಟ್ಟರು. "ನನಗ ನೀ ಹೇಳು."

ನಾನು ಕಿಟಕಿಯ ಹೊರಗೆ ನೋಡಿದೆ.

"ಎಡಕ್ಕ ಹೊಳಿ ಐತ್ರಿ. ನೀರ ಇಳದಾವು. ದಂಡಿಮ್ಯಾಗ ಯಾರೋ ಎಮ್ಮಿ ಮೈ ತೊಳ್ಯಾಕತ್ತಾರ."

"ಎಷ್ಟ ಅದಾವ?"

"ಮೊದಲ ಎಣಿಸಾಕ ಬಿಡ್ರಿ!" ಎಂದು ರೇಗಿದೆ. ಇವರು ನಕ್ಕರು. ನಾನು ತೌಹೀದನಿಗೆ, ಸ್ವಲ್ಪ ಸಾವಕಾಶ ಹೊಡಿ ಎಂದು ಹೇಳಿ, ಒಂದೊಂದೇ ಎಮ್ಮೆ ಎಣಿಸತೊಡಗಿದೆ.